ಅಡಿಲೇಡಿನ ಪದಕಾರ ಪಾಲ್ ಕೆಲ್ಲಿ

ಅಧ್ಯಕ್ಷರೇ, ಈ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರೇ, ಹ್ಯಾರಿಸ್‌ಡೇಲ್‌ನ ಈ ಸಭಾಂಗಣದಲ್ಲಿ ಸೇರಿರುವ ಪರ್ತ್‌ನ ಕನ್ನಡ ಬಂಧುಗಳೇ, ಬ್ರಿಸ್ಬೇನ್ ಮತ್ತು ಅಡಿಲೇಡ್‌ಗಳಿಂದ ಪರದೆಯ ಮೇಲೆ ಕೇಳುತ್ತಿರುವ ಅಕ್ಕ ಅಣ್ಣಂದಿರೇ,

ಜಾನಪದ ಗಾಯನಕ್ಕೆ ಮೀಸಲಾದ ಈ ದತ್ತಿಯಲ್ಲಿ, ಅಡಿಲೇಡ್‌ನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಹಾಡುವ ಒಬ್ಬ ಗಿಟಾರ್‌ವಾದಕರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ತುಂಬು ಮನಸ್ಸಿನಿಂದ ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ. ಪಾಲ್ ಕೆಲ್ಲಿಯವರ ಹಾಡು ನಮ್ಮ ಮನೆಗಳಲ್ಲಿ ದೊಡ್ಡವರಿಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ಕಲಿತು ಬರುತ್ತಾರೆ, ಕಾರಿನ ಹಿಂದಿನ ಸೀಟಿನಲ್ಲಿ ಗುನುಗುತ್ತಾರೆ. ನಾವು ಮುಂದಿನ ಸೀಟಿನಲ್ಲಿ ಕೂತು ನಮ್ಮ ಭಾವಗೀತೆ ಹಾಕಿಕೊಂಡು ಹೋಗುತ್ತೇವೆ. ಆ ಎರಡು ಸೀಟುಗಳ ನಡುವಿನ ಅಂತರ ಅಷ್ಟೇನೂ ದೊಡ್ಡದಲ್ಲ ಎಂದು ತೋರಿಸುವುದು ನನ್ನ ಇವತ್ತಿನ ಉದ್ದೇಶ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಾವಣಿಕಾರರು, ತತ್ವಪದಕಾರರು ಮಾಡಿದ ಕೆಲಸವನ್ನೇ ಕೆಲ್ಲಿ ತಮ್ಮ ನಾಡಿನಲ್ಲಿ ಮಾಡಿದ್ದಾರೆ. ತಮ್ಮ ಕಾಲದಲ್ಲಿ ನಡೆದದ್ದನ್ನು ಹೆಸರು, ಊರು ಸಮೇತ ಪದವಾಗಿ ಕಟ್ಟಿದರು. ಕಟ್ಟಿದ್ದನ್ನು ಬೇರೆಯವರ ಬಾಯಿಗೆ ಬಿಟ್ಟುಕೊಟ್ಟರು. ಅವರನ್ನು ರಾಕ್ ಗಾಯಕ ಎಂದು ಅಂಗಡಿಯ ಕಪಾಟಿನಲ್ಲಿ ಇಟ್ಟಿರಬಹುದು. ನಾನು ಅವರನ್ನು ಪದಕಾರರ ಸಾಲಿನಲ್ಲಿ ಕೂರಿಸುತ್ತೇನೆ.

ಕೆಲ್ಲಿ ಹುಟ್ಟಿದ್ದು 1955ರ ಜನವರಿ 13ರಂದು, ಅಡಿಲೇಡ್‌ನಲ್ಲಿ. ತುಂಬಿದ ಕ್ಯಾಥೊಲಿಕ್ ಮನೆ, ಒಡಹುಟ್ಟಿದವರ ದಂಡು. ತಂದೆಯ ಕಡೆಯವರು ಐರ್ಲೆಂಡಿನಿಂದ 1852ರಲ್ಲಿ ಬಂದು ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ಸುತ್ತಮುತ್ತ ನೆಲೆಸಿದವರು. ಅಜ್ಜ ವಕೀಲರು, ತಂದೆ ಜಾನ್ ಕೂಡ ವಕೀಲರು. ಸಂಗೀತ ಬಂದದ್ದು ತಾಯಿ ಜೋಸೆಫೀನ್ ಅವರ ಕಡೆಯಿಂದ. ತಾಯಿಯ ತಂದೆ ಎರ್ಕೋಲೆ ಫಿಲಿಪ್ಪಿನಿ ಅರ್ಜೆಂಟೀನಾದಲ್ಲಿ ಹುಟ್ಟಿ ಇಟಾಲಿಯನ್ ಮಾತಾಡುತ್ತಿದ್ದ ಆಪೆರಾ ಗಾಯಕ. ಆಪೆರಾ ತಂಡದ ಜೊತೆ ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗ 1914ರ ಮಹಾಯುದ್ಧ ಶುರುವಾಯಿತು. ಅವರು ಇಲ್ಲೇ ಉಳಿದರು, ತಮ್ಮ ಶಿಷ್ಯೆ ಆ್ಯನ್ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಇಟಾಲೊ-ಆಸ್ಟ್ರೇಲಿಯನ್ ಆಪೆರಾ ಕಂಪನಿ ಕಟ್ಟಿ 1920ರ ದಶಕದಲ್ಲಿ ಊರೂರು ತಿರುಗಿದರು. ಈ ದೇಶದಲ್ಲಿ ಸಿಂಫನಿ ವಾದ್ಯವೃಂದವನ್ನು ಮುನ್ನಡೆಸಿದ ಮೊದಮೊದಲ ಮಹಿಳೆಯರಲ್ಲಿ ಆ್ಯನ್ ಒಬ್ಬರು.

ಇದನ್ನು ಓದಿದಾಗ ನನಗೆ ನಮ್ಮ ಕಂಪನಿ ನಾಟಕಗಳ ನೆನಪಾಯಿತು. ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದ ಜನ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ತಂದೆಯ ಹಿಂದೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ಮುಂದೆ ರಾಜ್‌ಕುಮಾರ್ ಆದದ್ದು ಇಂಥದೇ ಪಾಠಶಾಲೆಯಿಂದ. ಆದರೆ ಒಂದು ವ್ಯತ್ಯಾಸವಿದೆ. ರಾಜ್ ಅವರಿಗೆ ತಂದೆಯ ಕಂಠವೂ ರಂಗಗೀತೆಯೂ ನೇರವಾಗಿ ದಾಟಿಬಂದವು. ಕೆಲ್ಲಿಗೆ ತಾತನ ಆಪೆರಾ ಕಂಠ ಬರಲಿಲ್ಲ. ಅವರದು ತೆಳ್ಳಗಿನ, ಸ್ವಲ್ಪ ಮೂಗಿನಿಂದ ಹೊರಡುವ, ಜಗಲಿಯ ಮೇಲೆ ಕೂತು ಮಾತಾಡಿದಂಥ ದನಿ. ಆಪೆರಾದ ರಾಗಗಳೂ ಅವರ ಹಾಡಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಸಂಗೀತದ ಮನೆತನ ಕೊಟ್ಟದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಬುಡ್ಗ ಜಂಗಮ ಕುಟುಂಬದ ಈರಮ್ಮ ಚಿಕ್ಕಂದಿನಲ್ಲೇ ತಂದೆಯ ಜೊತೆ ಊರೂರು ಅಲೆದು, ಕೇಳಿ ಕೇಳಿಯೇ ಬುರ್ರಕಥೆಯ ಕಾವ್ಯಗಳನ್ನು ಬಾಯಿಗೆ ತಂದುಕೊಂಡವರು. ಅಕ್ಷರ ಬಾರದ ಆ ತಾಯಿಯ ನೆನಪಿನಲ್ಲಿ ಇಡೀ ಗ್ರಂಥಾಲಯವೇ ಇತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಈರಮ್ಮನವರಿಗೆ ಮನೆತನ ಕೊಟ್ಟದ್ದು ಕಥನದ ಗಂಟು. ಕೆಲ್ಲಿಗೆ ಅಂಥ ಗಂಟು ಸಿಗಲಿಲ್ಲ. ಹಾಡಿಕೊಂಡು ಊರೂರು ಹೋಗುವುದು ಮರ್ಯಾದಸ್ಥರ ಬದುಕು, ಅದನ್ನೂ ಒಂದು ಕಸುಬಾಗಿ ನಡೆಸಬಹುದು ಎಂಬ ಧೈರ್ಯ ಸಿಕ್ಕಿತು. ವಕೀಲರ ಮನೆಯ ಹುಡುಗನಿಗೆ ಈ ಧೈರ್ಯ ಸಣ್ಣದಲ್ಲ. ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಬಿಟ್ಟು ಹಾಡಲು ಹೋಗುತ್ತೇನೆಂದ ಮಗನಿಗೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು.

ಕೆಲ್ಲಿ ಬಾಲ್ಯದಲ್ಲಿ ಪಿಯಾನೊ ಕಲಿತರು, ಶಾಲೆಯಲ್ಲಿ ಟ್ರಂಪೆಟ್ ಊದಿದರು, ಕ್ರಿಕೆಟ್ ಆಡಿದರು. ಹದಿಮೂರನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಆ ದೊಡ್ಡ ಸಂಸಾರವನ್ನು ತಾಯಿ ನಡೆಸಿದರು. ಈ ಸಾವು, ಆ ಊರಿನ ಬೀದಿಗಳು, ನೆಂಟರಿಷ್ಟರು ಎಲ್ಲ ಮುಂದೆ ಅವರ ‘ಅಡಿಲೇಡ್’ ಎಂಬ ಹಾಡಿನೊಳಗೆ ಬಂದವು. ಫ್ಲಿಂಡರ್ಸ್ ವಿಶ್ವವಿದ್ಯಾಲಯಕ್ಕೆ ಸೇರಿ, ಕೆಲವೇ ತಿಂಗಳಲ್ಲಿ ಬಿಟ್ಟು, ಸಿಕ್ಕ ಕೆಲಸ ಮಾಡುತ್ತ ದೇಶ ಸುತ್ತಿದರು. ಗಿಟಾರ್ ಕೈಗೆ ಬಂದದ್ದು ಆಮೇಲೆ.

1974ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಮೊದಲ ಸಲ ಜನರ ಮುಂದೆ ನಿಂತು ಹಾಡಿದರು. ಆ ದಿನ ಹಾಡಿದ್ದರಲ್ಲಿ ಬಾಬ್ ಡಿಲನ್ ಅವರದ್ದೊಂದಿತ್ತು. ಇನ್ನೊಂದು ‘ಸ್ಟ್ರೀಟ್ಸ್ ಆಫ್ ಫೋರ್ಬ್ಸ್’ ಎಂಬ ಹಳೆಯ ಜನಪದ ಕಥನಗೀತೆ. ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಆ ಗೀತೆಯ ನಾಯಕ ಬೆನ್ ಹಾಲ್. ನ್ಯೂ ಸೌತ್ ವೇಲ್ಸ್‌ನ ಕಾಡುಗಳಲ್ಲಿ ಪೊಲೀಸರಿಗೆ ತಲೆನೋವಾಗಿದ್ದ ದಂಗೆಕೋರ. 1865ರಲ್ಲಿ ನಂಬಿದವರೇ ಸುಳಿವು ಕೊಟ್ಟರು, ಪೊಲೀಸರು ಗುಂಡಿಟ್ಟು ಕೊಂದು ಹೆಣವನ್ನು ಫೋರ್ಬ್ಸ್ ಊರಿನ ಬೀದಿಯಲ್ಲಿ ತಂದರು. ಸರ್ಕಾರದ ಕಡತದಲ್ಲಿ ಅವನು ದರೋಡೆಕೋರ. ಜನರ ಹಾಡಿನಲ್ಲಿ ಬೇರೆಯೇ ಮನುಷ್ಯ. ಬೆಳಗಾವಿ, ಧಾರವಾಡ ಕಡೆಯವರು ಇಲ್ಲಿ ಕೂತಿದ್ದೀರಿ. ನಿಮಗೆ ಇಷ್ಟರಲ್ಲೇ ಸಂಗೊಳ್ಳಿ ರಾಯಣ್ಣ ಕಣ್ಣ ಮುಂದೆ ಬಂದಿರಬೇಕು. ರಾಯಣ್ಣನನ್ನೂ ನಂಬಿದವರೇ ಹಿಡಿದುಕೊಟ್ಟರು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಕಥೆಯನ್ನು ಉಳಿಸಿದ್ದು ಗೀಗೀ ಮೇಳಗಳು, ಲಾವಣಿಕಾರರು. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕನ್ನಡದ ಲಾವಣಿಗಳನ್ನು ಅಚ್ಚು ಹಾಕಿಸಲು ಶುರುಮಾಡಿದಾಗ ರಾಯಣ್ಣನ ಲಾವಣಿಯೂ ಅದರಲ್ಲಿ ಸೇರಿತು. ಗಲ್ಲಿಗೆ ಹಾಕಿದ ಆಡಳಿತದ ಅಧಿಕಾರಿಯೇ ಲಾವಣಿಯ ಮುಂದೆ ಕಾಗದ ಹಿಡಿದು ಕೂರಬೇಕಾಯಿತು.

ಹತ್ತೊಂಬತ್ತು ವರ್ಷದ ಹುಡುಗ ತನ್ನ ಮೊದಲ ವೇದಿಕೆಗೆ ಬೆನ್ ಹಾಲ್‌ನ ಗೀತೆಯನ್ನು ಆರಿಸಿಕೊಂಡದ್ದು ಕಾಕತಾಳೀಯ ಇರಬಹುದು. ಆದರೆ ಅವರ ಮುಂದಿನ ಐವತ್ತು ವರ್ಷದ ಹಾಡುಗಳನ್ನು ಕೇಳಿದವರಿಗೆ ದಾರಿ ಅಲ್ಲೇ ಶುರುವಾದದ್ದು ಗೊತ್ತಾಗುತ್ತದೆ.

ಆ ದಾರಿ ಸಲೀಸಾಗಿರಲಿಲ್ಲ. 1976ರಲ್ಲಿ ಮೆಲ್ಬರ್ನ್ ಸೇರಿದರು. ‘ದಿ ಡಾಟ್ಸ್’ ತಂಡದ ಜೊತೆ 1981, 1982ರಲ್ಲಿ ಎರಡು ಆಲ್ಬಂ ತಂದರು. ಅವೆರಡನ್ನೂ ಮತ್ತೆ ಹೊರತರಲು ಅವರು ಮನಸ್ಸು ಮಾಡಲಿಲ್ಲ. ಆ ವರ್ಷಗಳ ಹೆರಾಯಿನ್ ಚಟದ ಬಗ್ಗೆ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಂಡ ಒಡೆಯಿತು, ಸಂಸಾರವೂ ಒಡೆಯಿತು. ಸಿಡ್ನಿಗೆ ಹೋಗಿ ಸ್ನೇಹಿತರ ಮನೆಯಲ್ಲಿ ತಂಗಿ, 1985ರಲ್ಲಿ ಎರಡೇ ವಾರದಲ್ಲಿ, ಸುಮಾರು ಮೂರೂವರೆ ಸಾವಿರ ಡಾಲರ್ ಖರ್ಚಿನಲ್ಲಿ ‘ಪೋಸ್ಟ್’ ಎಂಬ ಆಲ್ಬಂ ಮಾಡಿದರು. ವಾದ್ಯಗಳ ಗದ್ದಲ ಇಲ್ಲ. ದನಿ, ಗಿಟಾರ್, ಕಥೆ. ಅಲ್ಲಿಂದಾಚೆಗೆ ಅವರಿಗೆ ತಮ್ಮ ದನಿಯ ಅಳತೆ ಸಿಕ್ಕಿತು ಎಂದು ನನ್ನ ನಂಬಿಕೆ. ಮರುವರ್ಷ ‘ಗಾಸಿಪ್’, ಅದರ ಮರುವರ್ಷ ‘ಅಂಡರ್ ದಿ ಸನ್’, ಹೀಗೆ ಹೆಸರು ಬೆಳೆಯಿತು. ಬಹುಮಾನಗಳ ಪಟ್ಟಿ ಓದುವುದರಲ್ಲಿ ನನಗೆ ಆಸಕ್ತಿಯಿಲ್ಲ.

‘ಗಾಸಿಪ್’ನಲ್ಲಿರುವ ‘ಮರಾಲಿಂಗ’ ಹಾಡನ್ನು ಮಾತ್ರ ಹತ್ತಿರದಿಂದ ನೋಡೋಣ. ಮರಾಲಿಂಗ ಇರುವುದು ದಕ್ಷಿಣ ಆಸ್ಟ್ರೇಲಿಯಾದ ಪಶ್ಚಿಮದ ಬಯಲಿನಲ್ಲಿ, ಕೆಲ್ಲಿಯವರ ಸ್ವಂತ ರಾಜ್ಯದಲ್ಲಿ. ಅಲ್ಲೂ ಅದರ ಉತ್ತರಕ್ಕಿರುವ ಎಮು ಫೀಲ್ಡ್‌ನಲ್ಲೂ 1950ರ ದಶಕದಲ್ಲಿ ಬ್ರಿಟನ್ ಅಣುಬಾಂಬ್ ಪರೀಕ್ಷೆ ನಡೆಸಿತು. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಓಡಾಡಿದ ನೆಲ ಅದು. 1953ರ ಅಕ್ಟೋಬರ್‌ನಲ್ಲಿ ಸ್ಫೋಟದ ನಂತರ ಕಪ್ಪು ಮಂಜು ಹಬ್ಬಿ ಬಂತೆಂದು ಯಾಮಿ ಲೆಸ್ಟರ್ ಎಂಬವರು ಜೀವನವಿಡೀ ಹೇಳಿದರು. ಆಗ ಅವರಿನ್ನೂ ಹುಡುಗ. ಆಮೇಲೆ ಕಣ್ಣು ಹೋಯಿತು. 1957ರಲ್ಲಿ ಈಡೀ ಮಿಲ್‌ಪಡ್ಡಿ ಎಂಬ ತಾಯಿ, ಗಂಡ ಮಕ್ಕಳೊಡನೆ ನಡೆದು ಬರುತ್ತ, ಬಾಂಬ್ ಸಿಡಿದ ಕುಳಿಯ ಹತ್ತಿರವೇ ರಾತ್ರಿ ಕಳೆದರು. ಅಲ್ಲಿ ಏನಾಗಿದೆ ಎಂದು ಅವರಿಗೆ ಹೇಳಿದವರಿರಲಿಲ್ಲ. ಸೈನಿಕರು ಅವರನ್ನು ಹಿಡಿದು ಮೈ ತೊಳೆಸಿದರು, ಜೊತೆಗಿದ್ದ ನಾಯಿಗಳನ್ನು ಕೊಂದರು. 1984-85ರಲ್ಲಿ ರಾಯಲ್ ಕಮಿಷನ್ ವಿಚಾರಣೆ ನಡೆದಾಗ ಇವೆಲ್ಲ ಸಾಕ್ಷ್ಯವಾಗಿ ಹೊರಬಂದವು.

ಕೆಲ್ಲಿ ಈ ಇಬ್ಬರ ಹೆಸರನ್ನೂ ಹಾಡಿನಲ್ಲಿ ತಂದರು. ಅವರೇ ತಮ್ಮ ಹೆಸರು ಹೇಳಿಕೊಂಡು ಮಾತಾಡುವಂತೆ ಪದ ಕಟ್ಟಿದರು. ‘ಅಣುಬಾಂಬ್ ಕೆಟ್ಟದ್ದು’ ಎಂದು ಕೂಗುವ ಹಾಡನ್ನು ಯಾರು ಬೇಕಾದರೂ ಬರೆಯಬಹುದು, ಅದನ್ನು ಜನ ಮರೆತೂ ಬಿಡಬಹುದು. ಇಂಥ ಊರಿನ, ಇಂಥ ಹೆಸರಿನ ಮನುಷ್ಯ ನಾನು, ನನಗೆ ಹೀಗಾಯಿತು ಎಂದಾಗ ಕೇಳುವವರು ತಪ್ಪಿಸಿಕೊಳ್ಳುವಂತಿಲ್ಲ. ಲಾವಣಿಯ ಬಲವೇ ಇದು. ಹಲಗಲಿ ಬೇಡರ ಲಾವಣಿಯನ್ನು ಶಾಲೆಯ ಪಠ್ಯದಲ್ಲಿ ಓದಿದವರು ಇಲ್ಲಿ ಬಹಳ ಜನ ಇದ್ದೀರಿ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರನ್ನು ಸುಟ್ಟರು, ಹಿಡಿದವರನ್ನು ನೇಣಿಗೆ ಹಾಕಿದರು. ಆ ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂದು ಒಬ್ಬೊಬ್ಬರ ಹೆಸರೂ ಬರುತ್ತದೆ. ಊರಿನಿಂದ ಏನೇನು ಒಯ್ದರು ಎಂಬ ಲೆಕ್ಕ ಬರುತ್ತದೆ. ಸರ್ಕಾರದ ಗೆಜೆಟಿಯರ್ ನಾಲ್ಕು ಸಾಲಿನಲ್ಲಿ ಮುಗಿಸಿದ್ದನ್ನು ಊರಿನ ಪದಕಾರ ಮನೆಮನೆಯ ನಷ್ಟವಾಗಿ ಬರೆದಿಟ್ಟ.

ಕೆಲ್ಲಿಯವರ ಅತ್ಯಂತ ದೊಡ್ಡ ಕಥನಗೀತೆಗೆ ಈಗ ಬರುತ್ತೇನೆ. ಇದನ್ನು ಅವರೊಬ್ಬರೇ ಕಟ್ಟಿದ್ದಲ್ಲ. ಬ್ರಿಸ್ಬೇನ್‌ನ ಬಂಧುಗಳು ಗಮನವಿಟ್ಟು ಕೇಳಬೇಕು, ಏಕೆಂದರೆ ಇನ್ನೊಬ್ಬ ಪದಕಾರರು ನಿಮ್ಮ ಕ್ವೀನ್ಸ್‌ಲ್ಯಾಂಡಿನವರು. ಕೆವ್ ಕಾರ್ಮೊಡಿ 1946ರಲ್ಲಿ ಕೇರ್ನ್ಸ್‌ನಲ್ಲಿ ಹುಟ್ಟಿದರು. ತಂದೆ ಐರಿಷ್ ಮೂಲದವರು, ತಾಯಿ ಮೂಲನಿವಾಸಿ. ದನ ಹೊಡೆದುಕೊಂಡು ಹೋಗುವವರ ಬಿಡಾರಗಳಲ್ಲಿ, ರಾತ್ರಿ ಬೆಂಕಿಯ ಸುತ್ತ ಕೇಳಿದ ಕಥೆ, ಹಾಡುಗಳಲ್ಲಿ ಬೆಳೆದ ಹುಡುಗ. ಹತ್ತನೆಯ ವಯಸ್ಸಿಗೆ ಸರ್ಕಾರ ಅವರನ್ನು ತಂದೆತಾಯಿಯಿಂದ ಬಿಡಿಸಿ ಟೂವೂಂಬಾದ ಶಾಲೆಯೊಂದಕ್ಕೆ ಹಾಕಿತು. ಆಮೇಲೆ ಹದಿನೇಳು ವರ್ಷ ಕೂಲಿ: ಕುರಿಯ ಉಣ್ಣೆ, ಮೂಟೆ ಹೊರುವುದು. ಮೂವತ್ತಮೂರನೆಯ ವಯಸ್ಸಿಗೆ ಟೂವೂಂಬಾದ ಕಾಲೇಜು ಸೇರಿದಾಗ ಪ್ರಬಂಧ ಬರೆಯುವ ರೂಢಿ ಇರಲಿಲ್ಲ. ಇತಿಹಾಸದ ಪಾಠವನ್ನು ಗಿಟಾರ್ ಹಿಡಿದು ಬಾಯಲ್ಲೇ ಒಪ್ಪಿಸುತ್ತೇನೆ ಎಂದು ಕೇಳಿದರು, ಅಧ್ಯಾಪಕರು ಒಪ್ಪಿದರು. ಆ ಅಧ್ಯಾಪಕರನ್ನು ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಕಾರ್ಮೊಡಿಯವರದೂ ಸಂಗೀತದ ಮನೆತನವೇ. ಅದಕ್ಕೆ ಕಂಪನಿಯ ಬೋರ್ಡು ಇರಲಿಲ್ಲ ಅಷ್ಟೇ.

1980ರ ದಶಕದ ಕೊನೆಗೆ ಆಪೆರಾ ಕಂಪನಿಯ ಮೊಮ್ಮಗನೂ ದನಗಾಹಿಯ ಮಗನೂ ಒಂದು ರಾತ್ರಿ ಬಿಡಾರ ಹೂಡಿ, ಬೆಂಕಿಯ ಪಕ್ಕ ಕೂತು ‘ಫ್ರಮ್ ಲಿಟಲ್ ಥಿಂಗ್ಸ್ ಬಿಗ್ ಥಿಂಗ್ಸ್ ಗ್ರೋ’ ಎಂಬ ಪದ ಕಟ್ಟಿದರು. ಕಥೆ ಇದು. ನಾರ್ದರ್ನ್ ಟೆರಿಟರಿಯ ವೇವ್ ಹಿಲ್ ಎಂಬ ವಿಶಾಲವಾದ ದನದ ಫಾರ್ಮು ಬ್ರಿಟನ್ನಿನ ವೆಸ್ಟಿ ಎಂಬ ಶ್ರೀಮಂತ ಮನೆತನದ ಕೈಯಲ್ಲಿತ್ತು. ಆ ನೆಲದ ಮೂಲ ಒಡೆಯರಾದ ಗುರಿಂಜಿ ಜನ ಅಲ್ಲೇ ಕೂಲಿಗಳು. ಹಿಟ್ಟು, ಸಕ್ಕರೆ, ಚಹಾ, ಕೈಗೆ ಕಾಸು ಅಂದರೆ ಅಷ್ಟಕ್ಕಷ್ಟೆ. 1966ರ ಆಗಸ್ಟ್ 23ರಂದು ವಿನ್ಸೆಂಟ್ ಲಿಂಗಿಯಾರಿ ಎಂಬ ಹಿರಿಯರ ಹಿಂದೆ ಸುಮಾರು ಇನ್ನೂರು ಜನ ಕೆಲಸ ಬಿಟ್ಟು ಹೊರನಡೆದರು, ವಾಟಿ ಕ್ರೀಕ್‌ನ ದಗುರಗು ಎಂಬಲ್ಲಿ ಹೋಗಿ ಕೂತರು. ಮೊದಲು ಕೂಲಿಯ ಜಗಳದಂತೆ ಕಂಡದ್ದು ನೆಲದ ಹಕ್ಕಿನ ಹೋರಾಟವಾಯಿತು. ಒಂಬತ್ತು ವರ್ಷ ಕೂತರು. 1975ರ ಆಗಸ್ಟ್ 16ರಂದು ಪ್ರಧಾನಿ ಗಫ್ ವಿಟ್ಲಮ್ ಅಲ್ಲಿಗೆ ಬಂದು, ನೆಲದಿಂದ ಒಂದು ಹಿಡಿ ಮಣ್ಣೆತ್ತಿ ಲಿಂಗಿಯಾರಿಯವರ ಅಂಗೈಗೆ ಸುರಿದರು. ಮರ್ವಿನ್ ಬಿಷಪ್ ತೆಗೆದ ಆ ಫೋಟೊ ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿದೆ. ಮಣ್ಣನ್ನು ಬೊಗಸೆಗೆ ಹಾಕುವುದರ ಅರ್ಥವನ್ನು ರೈತರ ಮಕ್ಕಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಡಿನ ರಚನೆ ನೋಡಿ. ನುಡಿಯ ಮೇಲೆ ನುಡಿ, ಹನ್ನೊಂದು ನುಡಿ. ಎಲ್ಲಕ್ಕೂ ಒಂದೇ ಧಾಟಿ, ನಡುನಡುವೆ ಎಲ್ಲರೂ ಸೇರಿ ಹೇಳುವ ಒಂದೇ ಪಲ್ಲವಿ. ಮುಮ್ಮೇಳದವರು ಕಥೆ ಹೇಳಿ, ಹಿಮ್ಮೇಳದವರು ಸೊಲ್ಲು ಹಿಡಿಯುವ ಗೀಗೀ ಪದದ ಕಟ್ಟೇ ಇದು. ಲಿಂಗಿಯಾರಿಯ ಮುಂದೆ ವೆಸ್ಟಿಯ ಕಡೆಯವರು ಬಂದು ಕೂತು ಮಾತಾಡುವ ಸಂವಾದವಿದೆ. ಕೂಲಿ ಹೆಚ್ಚಿಸುತ್ತೇವೆ, ರಾಜಿಯಾಗು ಎಂದು ವೆಸ್ಟಿಯವರು, ನಮಗೆ ಬೇಕಾದ್ದು ನೆಲ ಎಂದು ಲಿಂಗಿಯಾರಿ. ಸಿಟ್ಟಿನ ದನಿ ಎಲ್ಲೂ ಏರುವುದಿಲ್ಲ. ಇದೇ ಕಥೆಗೆ ಅವರಿಗಿಂತ ಮೊದಲೇ ಒಂದು ಪದ ಇತ್ತು ಎಂಬುದನ್ನೂ ಹೇಳಬೇಕು. ಟೆಡ್ ಈಗನ್ ಬರೆದು, ಗಲರ್ರ್ವುಯ್ ಯುನುಪಿಂಗು ಹಾಡಿದ ‘ಗುರಿಂಜಿ ಬ್ಲೂಸ್’ 1971ರಲ್ಲೇ, ಹೋರಾಟ ನಡೆಯುತ್ತಿದ್ದಾಗಲೇ ಬಂದಿತ್ತು. ಅದರ ಆರಂಭದಲ್ಲಿ ಲಿಂಗಿಯಾರಿಯವರ ಸ್ವಂತ ದನಿಯಿದೆ. ಪದಕ್ಕೆ ಪದ ಸೇರುತ್ತ ಹೋಗುವುದು ಜನಪದದ ರೀತಿ.

1991ರಲ್ಲಿ ಕೆಲ್ಲಿಯವರ ಆಲ್ಬಂನಲ್ಲಿ, 1993ರಲ್ಲಿ ಕಾರ್ಮೊಡಿಯವರ ಆಲ್ಬಂನಲ್ಲಿ ಬಂದ ಈ ಹಾಡು ಮೊದಲಿಗೆ ದೊಡ್ಡ ಸದ್ದು ಮಾಡಲಿಲ್ಲ. ನಿಧಾನವಾಗಿ ಶಾಲೆಗಳಿಗೆ, ಮೆರವಣಿಗೆಗಳಿಗೆ, ಸಂಘಗಳ ಸಭೆಗಳಿಗೆ ಹೋಯಿತು. 2008ರಲ್ಲಿ ಮೂಲನಿವಾಸಿ ಮಕ್ಕಳನ್ನು ಕಸಿದುಕೊಂಡದ್ದಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ ಮೇಲೆ, ಆ ಭಾಷಣದ ತುಣುಕನ್ನೇ ಸೇರಿಸಿಕೊಂಡು ಹಾಡು ಹೊಸ ರೂಪ ತಾಳಿತು. 2014ರಲ್ಲಿ ಸಿಡ್ನಿ ಟೌನ್ ಹಾಲ್‌ನಲ್ಲಿ ವಿಟ್ಲಮ್ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ಕೆಲ್ಲಿ, ಕಾರ್ಮೊಡಿ ಇಬ್ಬರೂ ನಿಂತು ಅದನ್ನು ಹಾಡಿದರು. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. 1975ರಲ್ಲಿ ಅಚ್ಚಾದ ಪುಸ್ತಕವೇನೋ ಸರಿ, ಆ ಪದಗಳು ಬದುಕಿದ್ದು ಜಾಥಾಗಳಲ್ಲಿ, ಹಲಗೆಯ ಪೆಟ್ಟಿಗೆ ದನಿಗೂಡಿಸಿದವರ ಗಂಟಲಲ್ಲಿ. ಹಾಡಿದವರಲ್ಲಿ ಎಷ್ಟೋ ಜನ ಪುಸ್ತಕ ನೋಡಿರಲಿಲ್ಲ.

ಹಂಚಿಕೊಳ್ಳುವ ಈ ಗುಣವೇ ಕೆಲ್ಲಿಯವರನ್ನು ಬೇರೆಯವರಿಂದ ಬೇರೆ ಮಾಡುತ್ತದೆ. 1991ರ ‘ಟ್ರೀಟಿ’ ಹಾಡು ಯೋತು ಯಿಂಡಿ ತಂಡದ್ದು. ಬರೆದವರಲ್ಲಿ ಕೆಲ್ಲಿಯೂ ಒಬ್ಬರು, ಆದರೆ ವೇದಿಕೆಯಲ್ಲಿ ಮುಂದೆ ನಿಂತವರು ಆ ತಂಡದವರೇ. ಇನ್ನೊಂದು ಪ್ರಸಂಗವಂತೂ ನನ್ನ ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. ಆರ್ಚಿ ರೋಚ್ ಎಂಬ ಮೂಲನಿವಾಸಿ ಹಾಡುಗಾರರನ್ನು ಮಗುವಾಗಿದ್ದಾಗ ಹೆತ್ತವರಿಂದ ಕಿತ್ತುಕೊಂಡು ಹೋಗಿದ್ದರು. ಹದಿಹರೆಯದಲ್ಲಿ ಮನೆಯಿಲ್ಲದೆ ಅಲೆಯುತ್ತ ಅಡಿಲೇಡ್‌ಗೆ ಬಂದಾಗ ಅಲ್ಲಿ ರೂಬಿ ಹಂಟರ್ ಸಿಕ್ಕರು; ಅವರದೂ ಅದೇ ಕಥೆ. ಇಬ್ಬರೂ ಬದುಕಿನುದ್ದಕ್ಕೂ ಜೊತೆಗೆ ಹಾಡಿದರು. ಆರ್ಚಿ ತಮ್ಮ ಆ ಕಥೆಯನ್ನು ‘ಟುಕ್ ದಿ ಚಿಲ್ಡ್ರನ್ ಅವೇ’ ಎಂದು ಪದ ಮಾಡಿದ್ದರು. ಕೆಲ್ಲಿ ಮೆಲ್ಬರ್ನ್‌ನ ತಮ್ಮ ಕಛೇರಿಗೆ ಮುಂಚೆ ಹಾಡಲು ಅವರನ್ನು ಕರೆದರು. ಆರ್ಚಿ ಹಾಡಿ ಮುಗಿಸಿದರು, ಸಭೆಯಲ್ಲಿ ಸದ್ದಿಲ್ಲ. ಜನರಿಗೆ ಹಿಡಿಸಲಿಲ್ಲ ಎಂದುಕೊಂಡು ಅವರು ತಿರುಗಿ ಹೊರಟರು. ಆಗ ಒಂದು ಮೂಲೆಯಿಂದ ಶುರುವಾದ ಚಪ್ಪಾಳೆ ಇಡೀ ಸಭಾಂಗಣ ತುಂಬಿತು. ಕೆಲ್ಲಿ ಮತ್ತು ಅವರ ಗಿಟಾರ್‌ವಾದಕ ಸ್ಟೀವ್ ಕೊನೊಲಿ ಸೇರಿ 1990ರಲ್ಲಿ ಆರ್ಚಿಯವರ ಮೊದಲ ಆಲ್ಬಂ ‘ಚಾರ್ಕೋಲ್ ಲೇನ್’ ನಿರ್ಮಿಸಿದರು. ಕಸಿದ ಮಕ್ಕಳ ಬಗ್ಗೆ ಸರ್ಕಾರಿ ವರದಿ ಬಂದದ್ದು 1997ರಲ್ಲಿ. ಹಾಡು ಏಳು ವರ್ಷ ಮೊದಲೇ ಸಾಕ್ಷಿ ನುಡಿದಿತ್ತು. ಆರ್ಚಿ 2022ರಲ್ಲಿ ತೀರಿಕೊಂಡರು.

ಇಷ್ಟು ಕೇಳಿ ಕೆಲ್ಲಿ ಬರೀ ಹೋರಾಟದ ಹಾಡುಗಾರರು ಎಂದುಕೊಳ್ಳಬೇಡಿ. ಈ ದೇಶದ ಅಡುಗೆಮನೆಗಳಿಗೆ ಅವರು ಹೊಕ್ಕದ್ದು 1996ರ ‘ಹೌ ಟು ಮೇಕ್ ಗ್ರೇವಿ’ ಹಾಡಿನಿಂದ. ಅದೊಂದು ಕಾಗದ. ಜೈಲಿನಲ್ಲಿರುವ ಜೋ ಎಂಬವನು ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು, ಡಿಸೆಂಬರ್ 21ರಂದು, ಡ್ಯಾನ್ ಎಂಬವನಿಗೆ ಬರೆಯುತ್ತಾನೆ. ಹಬ್ಬಕ್ಕೆ ಯಾರ‍್ಯಾರು ಯಾವ ಊರಿಂದ ಬರುತ್ತಾರೆ, ಬಿಸಿಲು ಎಷ್ಟಿರಬಹುದು ಎಂದೆಲ್ಲ ವಿಚಾರಿಸುತ್ತ, ಈ ಸಲ ಗ್ರೇವಿ ಯಾರು ಮಾಡುತ್ತಾರೆ ಎಂದು ಕೇಳಿ, ಹಿಟ್ಟು ಎಷ್ಟು, ಉಪ್ಪು ಎಷ್ಟು, ವೈನ್ ಎಷ್ಟು, ಕೊನೆಗೆ ಟೊಮೆಟೊ ಸಾಸ್ ಸ್ವಲ್ಪ ಎಂದು ಅಳತೆ ಹೇಳುತ್ತಾನೆ. ಆಮೇಲೆ ಹೆಂಡತಿಯ ನೆನಪು, ಮಕ್ಕಳ ನೆನಪು, ಅನುಮಾನ, ಕ್ಷಮೆ. ಈ ಹಾಡಿಗೆ ಪಲ್ಲವಿಯೇ ಇಲ್ಲ. ‘ನನಗೆ ನೋವಾಗಿದೆ’ ಎಂದು ಹೇಳಲಾಗದ ಗಂಡಸು ಅಡುಗೆಯ ಅಳತೆಯಲ್ಲಿ ಅದನ್ನು ಹೇಳುತ್ತಾನೆ. ಡಿಸೆಂಬರ್ 21 ಇಲ್ಲಿಯ ಜನರ ಬಾಯಲ್ಲಿ ‘ಗ್ರೇವಿ ಡೇ’ ಆಗಿಹೋಗಿದೆ. 2024ರಲ್ಲಿ ಸಿನಿಮಾ ಕೂಡ ಬಂತು. ಪಂಚಾಂಗದಲ್ಲಿ ದಿನವೊಂದನ್ನು ಹಾಡಿನ ಹೆಸರಿಗೆ ಬರೆಸಿಕೊಂಡ ಪದಕಾರರು ಲೋಕದಲ್ಲಿ ಎಷ್ಟು ಜನ ಸಿಗುತ್ತಾರೆ?

ಪರ್ತ್‌ನವರಾದ ನಮಗೆ ಸಂಬಂಧಪಟ್ಟ ಒಂದು ಮಾತು ಇದೆ. ಕೆಲ್ಲಿ ತಡವಾಗಿ ಕವಿತೆಗಳ ಕಡೆ ಹೊರಳಿದರು. ಶೇಕ್ಸ್‌ಪಿಯರ್‌ನ ಸುನೀತಗಳಿಗೆ 2016ರಲ್ಲಿ ಧಾಟಿ ಹಾಕಿದರು. ಅದಕ್ಕೂ ಮೊದಲು ಯೇಟ್ಸ್, ಎಮಿಲಿ ಡಿಕಿನ್ಸನ್, ಜೂಡಿತ್ ರೈಟ್ ಮೊದಲಾದವರ ಕವಿತೆಗಳನ್ನು ಹಾಡಾಗಿಸುವಾಗ ಜೊತೆಯಾದವರು ಪರ್ತ್‌ನ ಸಂಯೋಜಕ ಜೇಮ್ಸ್ ಲೆಜರ್. ಅವರಿಬ್ಬರೂ ಕೂಡಿ ಹಕ್ಕಿಗಳ ಮೇಲಿನ ಕವಿತೆಗಳಿಗೆ ರಾಗ ಹಾಕಿದ ಆಲ್ಬಂ 2019ರಲ್ಲಿ ಬಂತು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಅವರನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಕವಿಯ ಪುಟದಿಂದ ಕವಿತೆಯನ್ನೆತ್ತಿ ಜನರ ಕಿವಿಗೆ ಹಾಕುವ ಕೆಲಸದಲ್ಲಿ ಕನ್ನಡ ಬಹಳ ಮುಂದಿದೆ ಎಂದು ಎದೆತಟ್ಟಿ ಹೇಳಬಹುದು.

2004ರಿಂದ ಅವರು ತಮ್ಮ ಸುಮಾರು ನೂರು ಹಾಡುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ, ಹಲವು ರಾತ್ರಿಗಳಲ್ಲಿ ಹಂಚಿ ಹಾಡುವ ಪದ್ಧತಿ ಇಟ್ಟುಕೊಂಡರು. ಹಾಡುಗಳ ನಡುವೆ ಹೇಳಿದ ಕಥೆಗಳೇ ಬೆಳೆದು 2010ರಲ್ಲಿ ಪುಸ್ತಕವಾಯಿತು. ಆ ವೇದಿಕೆಗಳಲ್ಲಿ ಪಕ್ಕದಲ್ಲಿ ಗಿಟಾರ್ ಹಿಡಿದು ಕೂತಿದ್ದವರು ಒಡಹುಟ್ಟಿದವರ ಮಗ ಡ್ಯಾನ್ ಕೆಲ್ಲಿ. ಹೆಣ್ಣುಮಕ್ಕಳೂ ಅವರ ಜೊತೆ ದನಿಗೂಡಿಸಿದ್ದಾರೆ. ಆಪೆರಾ ಕಂಪನಿಯ ನಾಲ್ಕನೆಯ ತಲೆಮಾರು ಅದು. ಅವರ ಆಲ್ಬಂ ಮೊದಲ ಸಲ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2017ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ. ಕಸುಬನ್ನು ಬಿಡದೆ ಹಿಡಿದವರಿಗೆ ಬಂದ ಫಲ ಅದು.

ಈಗ ನಮ್ಮ ವಿಷಯ. ಈ ಊರಿನಲ್ಲಿ ಕನ್ನಡದ ಹಾಡಿಗೆ ಬರವಿಲ್ಲ. ರಾಜ್ಯೋತ್ಸವಕ್ಕೆ, ಯುಗಾದಿಗೆ, ಗಣೇಶನ ಹಬ್ಬಕ್ಕೆ ಮಕ್ಕಳು ಚೆಂದವಾಗಿ ಹಾಡುತ್ತಾರೆ. ಅವೆಲ್ಲ ಊರಿನಿಂದ ತಂದ ಹಾಡುಗಳು, ತರಲೇಬೇಕಾದ ಹಾಡುಗಳು. ಆದರೆ ಇಲ್ಲಿ ನಾವು ಬದುಕುತ್ತಿರುವ ಬದುಕಿನ ಮೇಲೆ ಕನ್ನಡದಲ್ಲಿ ಕಟ್ಟಿದ ಪದ ನನಗೆ ಇನ್ನೂ ಕೇಳಸಿಕ್ಕಿಲ್ಲ. ಶಿಶುನಾಳ ಷರೀಫರು ಹಳೆಯ ಪದಗಳನ್ನೇ ಹಾಡಿಕೊಂಡು ಕೂತವರಲ್ಲ. ತಮ್ಮ ಸೀಮೆಗೆ ಹೊಸದಾಗಿ ಬಂದ ಗಿರಣಿಯನ್ನು ಕಂಡು ಅದರ ಮೇಲೂ ತತ್ವಪದ ಕಟ್ಟಿದರು. ಹಬೆಯ ಯಂತ್ರ ಕನ್ನಡದ ಪದಕ್ಕೆ ಹೊರಗಿನದು ಎಂದು ಅವರಿಗೆ ಅನ್ನಿಸಲಿಲ್ಲ.

ಈ ಸಭೆಯಲ್ಲೇ ಎಷ್ಟೋ ಮನೆಗಳ ಗಂಡಸರು, ಈಗ ಕೆಲವು ಮನೆಗಳ ಹೆಣ್ಣುಮಕ್ಕಳೂ, ಎರಡು ವಾರ ಪಿಲ್ಬರಾದ ಕಬ್ಬಿಣದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಎಂಬ ಲೆಕ್ಕದಲ್ಲಿ ಬದುಕುತ್ತಿದ್ದಾರೆ. ಯುಗಾದಿಯ ದಿನ ಗಣಿಯ ಕ್ಯಾಂಪಿನ ಚಿಕ್ಕ ಕೋಣೆಯಿಂದ ಫೋನು ಮಾಡಿ, ಹೂರಣಕ್ಕೆ ಬೆಲ್ಲ ಎಷ್ಟು ಹಾಕಿದೆ, ಕಣಕ ನೆನೆಯಿತಾ, ಮಗಳು ಬೇವು ತಿಂದಳಾ ಎಂದು ಕೇಳುವ ತಂದೆ ನಮ್ಮಲ್ಲಿ ಇದ್ದಾರೆ. ರಾತ್ರಿಪಾಳಿ ಮುಗಿಸಿ ವೃದ್ಧಾಶ್ರಮದಿಂದ ಮನೆಗೆ ಬಂದು, ಯಾರದೋ ಅಜ್ಜಿಗೆ ಅನ್ನ ತಿನ್ನಿಸಿದ ಕೈಯಲ್ಲಿ ಹಾಸನದಲ್ಲಿರುವ ತನ್ನ ಅಜ್ಜಿಗೆ ವಿಡಿಯೊ ಕಾಲ್ ಮಾಡುವ ಹುಡುಗಿ ಇದ್ದಾಳೆ. ನಾವು ಮನೆ ಕಟ್ಟಿಕೊಂಡಿರುವ ಈ ನೆಲ ನೂಂಗಾರ್ ಜನರದ್ದು. ಅವರ ಮಕ್ಕಳ ಜೊತೆ ನಮ್ಮ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇವೆಲ್ಲ ಪದವಾಗಬೇಕಾದ ಸಂಗತಿಗಳು.

ಆದ್ದರಿಂದ ದತ್ತಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಉಪನ್ಯಾಸ ವರ್ಷಕ್ಕೊಂದು ಇರಲಿ. ಅದರ ಜೊತೆಗೆ ವರ್ಷಕ್ಕೊಂದು ಹೊಸ ಪದ ಕಟ್ಟಿಸಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನವರು ಬರೆಯಲಿ. ಒಂದೇ ನಿಬಂಧನೆ ಇಡಿ: ಪದ ಕನ್ನಡದಲ್ಲಿರಬೇಕು, ಅದರಲ್ಲಿ ಈ ನಾಡಿನ ಒಂದು ಊರಿನ ಹೆಸರೂ ಒಬ್ಬ ಮನುಷ್ಯನ ಹೆಸರೂ ಇರಬೇಕು. ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಅದನ್ನು ನಮ್ಮ ಮಕ್ಕಳಿಂದ ಹಾಡಿಸಿ. ಮೊದಲ ಪದಕ್ಕೆ ಬೇಕಾದ ಬಹುಮಾನದ ಹಣವನ್ನು ಇವತ್ತೇ ಕೊಟ್ಟು ಹೋಗುತ್ತೇನೆ, ದಯವಿಟ್ಟು ಸ್ವೀಕರಿಸಿ.